ಮೂವರು ವಯಸ್ಯರು

ಸಂಸ್ಕೃತದಲ್ಲಿ ಸ್ನೇಹಿತನಿಗೆ ಹೆಸರುಗಳು ಅನೇಕವಾಗಿರುವುವು. ಮಿತ್ರ, ಸಖ, ಸುಹೃತ್ ಎಂಬವು ಕನ್ನಡಿಗರಿಗೂ ಬಳಕೆಯಲ್ಲಿರತಕ್ಕವೇ ಸರಿ. ಇವುಗಳ ಜೊತೆಗೆ ಅಮರಸಿಂಹನು ತನ್ನ ಕೋಶದ ಕ್ಷತ್ರಿಯವರ್ಗದಲ್ಲಿ ‘ವಯಸ್ಯ’ನೆಂಬ ಮತ್ತೊಂದು ಶಬ್ದವನ್ನು ಸೇರಿಸಿರುವನು. ವಯಸ್ಸಿನಲ್ಲಿ ಸಮಾನನಾದವನೆಂದು ಅದರ ಅರ್ಥ. ನಾಟಕಗಳಲ್ಲಿ ರಾಜನು ವಿದೂಷಕನನ್ನು ಕರೆಯುವುದು ಈ ಹೆಸರಿನಿಂದಲೇ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪ್ರೌಢಶಾಲೆಯ ಹುಡುಗರಿಗೆ ಈ ಶಬ್ದವನ್ನು ಬಿಡಿಸಿ ಹೇಳುತ್ತ ಬಂದವನು ನಾನು. ಆದರೆ ಅದರ ಅರ್ಥವು ನನ್ನ ಮನಸ್ಸಿಗೆ ನಿಜವಾಗಿ ನಾಟಿದುದು ಕಳೆದ ವರ್ಷ, ಸಮುದ್ರದಾಚೆಯಲ್ಲಿ, ಮಗನ ಮನೆಯ ಸೋಫಾದ ಮೇಲೆ ಕುಳಿತು ಅಮೆರಿಕದವರ ದೂರದರ್ಶನ ನಾಟಕವೊಂದನ್ನು ನೋಡುತ್ತಿದ್ದಾಗ ಎಂದರೆ ವಾಚಕರು ನಕ್ಕಾರು. ನಗಲಿ, ನಾನೂ ಮೊದಲು ನಕ್ಕವನೇ.

ನಿವೃತ್ತಿಯಾದ ಮೇಲೆ ಮಗನ ಬಲವಂತಕ್ಕೆ ಕಟ್ಟುಬಿದ್ದು ನಾವಿಬ್ಬರೂ ಕ್ಯಾಲಿಫೋರ್ನಿಯಾ ಸಂಸ್ಥಾನದ ಸಾನ್ ಹೋಸೆ ಪಟ್ಟಣದಲ್ಲಿ ಮೂರು ತಿಂಗಳು ಇದ್ದು ಬಂದೆವು. ಆ ಊರಿನಲ್ಲಿ ಕನ್ನಡದವರಿಗೆ ಕೊರತೆಯಿಲ್ಲ. ಭಾನುವಾರಗಳಲ್ಲಿ ಬಿಸಿಬೇಳೆ ಹುಳಿಯನ್ನಕ್ಕೂ ಕೊರತೆಯಿಲ್ಲ. ಆದರೆ ವಾರದ ಐದು ದಿನಗಳು ಮಗನೂ ಸೊಸೆಯೂ ಕೆಲಸಕ್ಕೆ ಹೊರಟುಹೋದ ಮೇಲೆ ಮನೆಯಲ್ಲಿ ಉಳಿಯುವವರು ಮೂವರೇ. ನನ್ನ ಮನೆಯವಳಿಗೆ ಮೊಮ್ಮಗುವಿನ ಆರೈಕೆಯಲ್ಲಿ ಹೊತ್ತು ಹೋಗುತ್ತಿದ್ದಿತು. ನನಗೋ, ಬೀದಿಗಿಳಿದರೆ ಮಾತನಾಡುವುದಕ್ಕೆ ಒಂದು ನರಪಿಳ್ಳೆ ಸಿಕ್ಕುತ್ತಿರಲಿಲ್ಲ. ನನ್ನ ಮುಖವನ್ನು ನೋಡಿ ಮಗನು ಒಂದು ರಾತ್ರಿ, “ಅಪ್ಪಾ, ಇದು ನಿಮ್ಮ ವಯಸ್ಸಿನವರ ಕಥೆ. ಇಂಗ್ಲಿಷು ವೇಗವಾಗಿದ್ದರೆ ಕೆಳಗೆ ಅಕ್ಷರ ಬರುವ ಹಾಗೆ ಮಾಡಿದ್ದೇನೆ, ಓದಿಕೊಳ್ಳಿ” ಎಂದು ಒಂದು ಧಾರಾವಾಹಿಯನ್ನು ಹಚ್ಚಿಕೊಟ್ಟನು. ಮಕ್ಕಳು ನಮಗೆ ಅಕ್ಷರಾಭ್ಯಾಸ ಮಾಡಿಸುವ ಕಾಲವೂ ಬಂದಿತಲ್ಲಾ ಎಂದುಕೊಂಡು ನೋಡಲು ಕುಳಿತೆನು.

ಧಾರಾವಾಹಿಯ ಹೆಸರು ‘ಮೆನ್ ಆಫ್ ಎ ಸರ್ಟನ್ ಏಜ್’. ಒಂದು ವಯಸ್ಸಿನ ಗಂಡಸರು ಎಂದು ಕನ್ನಡಿಸಬಹುದು. ಆ ಭಾಷೆಯಲ್ಲಿ ‘ಒಂದು ವಯಸ್ಸಿನ’ ಎಂಬ ಮಾತನ್ನು ಯೌವನ ಕಳೆದ ಹೆಂಗಸರ ವಿಷಯದಲ್ಲಿ, ವಯಸ್ಸನ್ನು ಬಾಯಿಬಿಟ್ಟು ಹೇಳದೆ ಮರ್ಯಾದೆಯಾಗಿ ಸೂಚಿಸುವುದಕ್ಕೆ ಬಳಸುವರಂತೆ. ಅದನ್ನು ಗಂಡಸರಿಗೆ ತಿರುಗಿಸಿಟ್ಟಿರುವುದೇ ಹೆಸರಿನ ಚಮತ್ಕಾರ. ಇದನ್ನು ರಚಿಸಿದವರು ರೇ ರೊಮಾನೋ ಮತ್ತು ಮೈಕ್ ರಾಯ್ಸ್ ಎಂಬಿಬ್ಬರು. ಇವರಿಬ್ಬರೂ ಹಿಂದೆ, ೧೯೯೬ ರಿಂದ ೨೦೦೫ ರ ವರೆಗೆ ನಡೆದು ಆ ದೇಶದಲ್ಲಿ ಮನೆಮಾತಾಗಿದ್ದ ‘ಎವ್ವೆರಿಬಡಿ ಲವ್ಸ್ ರೇಮಂಡ್’ ಎಂಬ ನಗೆನಾಟಕದಲ್ಲಿ ಜೊತೆಯಾಗಿ ಕೆಲಸ ಮಾಡಿದವರು. ಹೊಸ ಧಾರಾವಾಹಿಯು ಟಿ.ಎನ್.ಟಿ. ಎಂಬ ಸಂಸ್ಥೆಯ ಮೂಲಕ ೨೦೦೯ ನೆಯ ಡಿಸೆಂಬರಿನಲ್ಲಿ ಆರಂಭವಾಗಿ ೨೦೧೧ ನೆಯ ಜುಲೈ ತಿಂಗಳಲ್ಲಿ ನಿಂತುಹೋಯಿತು. ಒಟ್ಟು ೨೨ ಕಂತುಗಳು ಮಾತ್ರ. ನೋಡುವವರು ಸಾಲದೆ ನಿಲ್ಲಿಸಿದರು, ನೋಡಿದವರು ಮೆಚ್ಚಿದರು. ದೂರದರ್ಶನ ರೇಡಿಯೋಗಳ ಉತ್ತಮ ಕೃತಿಗಳಿಗೆ ಆ ದೇಶದಲ್ಲಿ ಕೊಡುವ ಪೀಬಡಿ ಬಹುಮಾನವು ೨೦೧೦ ನೆಯ ಸಾಲಿನಲ್ಲಿ ಇದಕ್ಕೆ ದೊರೆಯಿತು. ಬಹುಮಾನ ಬಂದ ಪುಸ್ತಕಗಳು ಅಟ್ಟ ಸೇರುವುದನ್ನು ಕಂಡಿರುವ ನನಗೆ ಇದರಲ್ಲಿ ಆಶ್ಚರ್ಯವೇನೂ ತೋರಲಿಲ್ಲ.

ಕಥಾನಾಯಕರು ಮೂವರು. ಕಾಲೇಜಿನಲ್ಲಿ ಜೊತೆಯಾಗಿ ಇದ್ದವರು. ಈಗ ಐವತ್ತರ ಹೊಸ್ತಿಲಿನಲ್ಲಿ ನಿಂತಿರುವವರು. ಲಾಸ್ ಏಂಜಲಿಸ್ ನಗರದಲ್ಲಿ ವಾಸವಾಗಿರುವವರು. ಮೊದಲನೆಯವನು ಜೋ. ಇವನ ಪಾತ್ರವನ್ನು ರೊಮಾನೋನೇ ವಹಿಸಿರುವನು. ಹುಟ್ಟುಹಬ್ಬ ಮೊದಲಾದ ಸಂತೋಷಕೂಟಗಳಿಗೆ ಬೇಕಾಗುವ ಬಲೂನು, ಬಣ್ಣದ ಕಾಗದ, ಟೋಪಿ ಇತ್ಯಾದಿಗಳನ್ನು ಮಾರುವ ಅಂಗಡಿ ಇವನದು. ಯೌವನದಲ್ಲಿ ಗಾಲ್ಫ್ ಆಟದಲ್ಲಿ ಹೆಸರು ಪಡೆಯಬೇಕೆಂದು ಹಂಬಲಿಸಿದವನು ಜೂಜಿನ ಚಟಕ್ಕೆ ಬಿದ್ದನು. ಹೆಂಡತಿಗೂ ಇವನಿಗೂ ಬಿಟ್ಟುಹೋಗಿದೆ. ಕಥೆ ಆರಂಭವಾಗುವಾಗ ಇವನು ಒಂದು ಹೋಟೆಲಿನ ಕೊಠಡಿಯಲ್ಲಿ ಕಾಲ ಹಾಕುತ್ತಿರುವನು. ಊರಿನವರೆಲ್ಲರ ಸಂಭ್ರಮಕ್ಕೆ ಸಾಮಾನು ಒದಗಿಸುವವನಿಗೆ ತನ್ನದೆಂಬ ಮನೆಯೊಂದಿಲ್ಲ. ಇವನ ಮಗ ಆಲ್ಬರ್ಟನೆಂಬ ಹುಡುಗನು ಸಣ್ಣದಕ್ಕೂ ಎದೆಗುಂದಿ ಬೆವರುವ ಸ್ವಭಾವದವನು. ತನ್ನ ಅಳುಕೇ ಮಗನಿಗೆ ಇಳಿದುಬಂದಿತೇ ಎಂಬ ಚಿಂತೆ ತಂದೆಯನ್ನು ಕೊರೆಯುತ್ತಿರುವುದು. ಇದನ್ನು ಯಾರೂ ಭಾಷಣಮಾಡಿ ಹೇಳುವುದಿಲ್ಲ. ಜೋ ಮಗನ ಮುಖವನ್ನು ನೋಡುವ ಬಗೆಯಲ್ಲಿಯೇ ನಮಗೆ ತಿಳಿಯುವುದು.

ಎರಡನೆಯವನು ಓವೆನ್ ಥೋರೋ. ಇವನ ತಂದೆಗೂ ಅದೇ ಹೆಸರು, ಮತ್ತು ಅದೇ ಇವನ ಸಂಕಟ. ತಂದೆಯು ಒಂದಾನೊಂದು ಕಾಲದಲ್ಲಿ ಲೇಕರ್ಸ್ ತಂಡದಲ್ಲಿ ಬಾಸ್ಕೆಟ್‌ಬಾಲ್ ಆಡಿ ಹೆಸರು ಮಾಡಿದವನು. ಆ ಮೇಲೆ ಷೆವರ್ಲೆ ಕಾರುಗಳನ್ನು ಮಾರುವ ದೊಡ್ಡ ಮಳಿಗೆಯನ್ನಿಟ್ಟವನು. ಆ ಮಳಿಗೆಯಲ್ಲಿ ಮಗನು ನಾಲ್ವರು ಮಾರಾಟಗಾರರೊಳಗೆ ಒಬ್ಬನಾಗಿ ನಿಂತಿರುವನು. ಹೆಂಡತಿ ಮಕ್ಕಳು ಒಳ್ಳೆಯವರು. ಮೈಯಲ್ಲಿ ಸಕ್ಕರೆ ಕಾಯಿಲೆ. ಐವತ್ತು ಸಮೀಪಿಸಿದರೂ ತಂದೆಯ ಬಾಯಿಂದ ಒಂದು ಮೆಚ್ಚಿಕೆಯ ಮಾತು ಕೇಳುವ ಭಾಗ್ಯವಿಲ್ಲ. ಒಮ್ಮೆ ರೋಸಿಹೋಗಿ ಎದುರಾಳಿಯ ಮಳಿಗೆಗೆ ಕೆಲಸಕ್ಕೆ ಹೋಗುವನು, ಮತ್ತೆ ಹಿಂದಿರುಗುವನು. ಕಡೆಗೆ ತಂದೆಯು ವ್ಯಾಪಾರವನ್ನು ಇವನ ಕೈಗೆ ಬಿಟ್ಟಾಗ ಪಟ್ಟಾಭಿಷೇಕವಾದ ಮರುದಿನವೇ ರಾಜ್ಯಭಾರದ ಹೊರೆಯು ಹೆಗಲಮೇಲೆ ಕೂರುವುದು.

ಈ ಪಾತ್ರವನ್ನು ವಹಿಸಿದ ಆಂಡ್ರೆ ಬ್ರಾವರ್ ಎಂಬ ನಟನ ವಿಷಯದಲ್ಲಿ ಒಂದೆರಡು ಮಾತುಗಳನ್ನು ಹೇಳದೆ ಮುಂದಕ್ಕೆ ಹೋಗಲಾರೆನು. ಆತನು ಅದಕ್ಕೆ ಮುಂಚೆ ‘ಹಾಮಿಸೈಡ್’ ಎಂಬ ಧಾರಾವಾಹಿಯಲ್ಲಿ ಗುಡುಗಿನಂಥ ಧ್ವನಿಯ ಪೊಲೀಸು ಅಧಿಕಾರಿಯಾಗಿ ನಟಿಸಿ, ೧೯೯೮ ರಲ್ಲಿ ಎಮ್ಮಿ ಪ್ರಶಸ್ತಿಯನ್ನು ಪಡೆದವನು. ಇಲ್ಲಿ ಆ ಧ್ವನಿಯನ್ನು ಗಂಟಲಿನಲ್ಲಿಯೇ ಅಡಗಿಸಿಟ್ಟುಕೊಂಡಿರುವನು. ದೊಡ್ಡ ಶರೀರದ ಮನುಷ್ಯನೊಬ್ಬನು ತಂದೆಯ ಮುಂದೆ ನಿಂತಾಗ ಹತ್ತು ವರ್ಷದ ಹುಡುಗನಂತೆ ಕುಗ್ಗುವುದನ್ನು ಅವನು ಮಾಡಿ ತೋರಿಸಿದಷ್ಟು ಚೆನ್ನಾಗಿ ಮತ್ತೊಬ್ಬರು ಮಾಡಿದುದನ್ನು ನಾನು ಕಂಡಿಲ್ಲ. ನಾನು ನೋಡುವ ವೇಳೆಗೆ ಆತನು ಗತಿಸಿದ್ದನು. ೨೦೨೩ ನೆಯ ಡಿಸೆಂಬರಿನಲ್ಲಿ, ಅರವತ್ತೊಂದನೆಯ ವಯಸ್ಸಿನಲ್ಲಿ, ಶ್ವಾಸಕೋಶದ ಕ್ಯಾನ್ಸರಿನಿಂದ ಎಂದು ಮಗನು ಹೇಳಿದನು. ಅರವತ್ತು ತುಂಬಿದವನಿಗೆ ಅರವತ್ತೊಂದು ಎಂಬ ಸಂಖ್ಯೆಯು ಬೇರೆ ಬಗೆಯಾಗಿ ಕೇಳಿಸುವುದು.

ಮೂರನೆಯವನು ಟೆರಿ. ಸ್ಕಾಟ್ ಬಕುಲಾ ಎಂಬ ನಟನು ಈ ಪಾತ್ರವನ್ನು ವಹಿಸಿರುವನು. ಟೆರಿಯು ಸ್ಫುರದ್ರೂಪಿ, ಬ್ರಹ್ಮಚಾರಿ. ಬ್ರಹ್ಮಚಾರಿಯೆಂದರೆ ಮದುವೆಯಾಗದವನು ಎಂಬಷ್ಟೇ ಅರ್ಥ, ಆಶ್ರಮಧರ್ಮವನ್ನು ಇಲ್ಲಿ ಹುಡುಕಬಾರದು. ನಟನಾಗಬೇಕೆಂದು ಬಂದು ಸಣ್ಣಪುಟ್ಟ ಪಾತ್ರಗಳಲ್ಲಿ ವಯಸ್ಸು ಕಳೆದುಕೊಂಡವನು. ಹೊಟ್ಟೆಪಾಡಿಗೆ ಕಚೇರಿಯೊಂದರಲ್ಲಿ ಹಂಗಾಮಿ ಕೆಲಸ ಮಾಡುವನು. ಎರಡನೆಯ ಸಾಲಿನ ಕಂತುಗಳಲ್ಲಿ ಗೆಳೆಯ ಓವೆನನ ಮಳಿಗೆಯಲ್ಲಿ ಕಾರು ಮಾರುವುದಕ್ಕೆ ಸೇರುವನು. ಸ್ನೇಹಿತನೇ ಯಜಮಾನನಾದಾಗ ಏನಾಗುವುದೆಂಬುದನ್ನು ಅನುಭವಿಸಿದವರೇ ಬಲ್ಲರು. ಆ ಭಾಗವನ್ನು ಇನ್ನಷ್ಟು ಬೆಳೆಸಬಹುದಾಗಿತ್ತು.

ಈ ಮೂವರು ನಾರ್ಮ್ಸ್ ಎಂಬ ಹೋಟೆಲಿನಲ್ಲಿ ಕೂಡುವರು. ಇದು ಲಾಸ್ ಏಂಜಲಿಸಿನ ಕಡೆಯಲ್ಲಿ ನಿಜವಾಗಿಯೂ ಇರುವ, ಸಾಮಾನ್ಯ ಜನರು ಹೋಗತಕ್ಕ ಹೋಟೆಲು. ಅಲ್ಲಿ ಕುಳಿತು ಒಬ್ಬರ ತಟ್ಟೆಯ ತಿಂಡಿಗೆ ಒಬ್ಬರು ಕೈಹಾಕುತ್ತ, ಒಬ್ಬರ ಬೊಜ್ಜನ್ನು ಒಬ್ಬರು ಹಾಸ್ಯಮಾಡುತ್ತ ಹರಟುವರು. ಮೊದಲ ಎರಡು ಮೂರು ಕಂತುಗಳಲ್ಲಿ ನನಗೆ ಇದು ಬೇಸರವಾಯಿತು. ಕಥೆಯೆಲ್ಲಿ, ಸಂಧಿಗಳೆಲ್ಲಿ, ರಸವೆಲ್ಲಿ ಎಂದು ಹುಡುಕಿದೆನು. ಮಾತೂ ಎಷ್ಟೋ ಕಡೆ ಗ್ರಾಮ್ಯ. ಮಕ್ಕಳೊಡನೆ ಕುಳಿತು ನೋಡತಕ್ಕುದಲ್ಲವೆಂದು ಗೃಹಸ್ಥರಿಗೆ ಎಚ್ಚರಿಕೆ ಕೊಡಬೇಕಾದುದು ನನ್ನ ಧರ್ಮ. ಆದರೆ ನಾಲ್ಕನೆಯ ದಿನಕ್ಕೆ ನನಗೆ ಹೊಳೆಯಿತು: ಮೂವರೂ ಅಲ್ಲಿಗೆ ಬರುವಾಗ ಒಬ್ಬೊಬ್ಬನೂ ಹೇಳಬೇಕಾದ ಒಂದು ಸಂಗತಿಯನ್ನು ಹೊತ್ತು ಬರುವನು, ಹರಟೆಯೆಲ್ಲವೂ ಅದನ್ನು ಹೇಳದಿರುವುದಕ್ಕಾಗಿ. ಹತ್ತು ಹಾಸ್ಯಗಳಾದ ಮೇಲೆ ಹನ್ನೊಂದನೆಯದರ ಸಂದಿನಲ್ಲಿ ನಿಜವು ಒಂದು ಅರ್ಧವಾಕ್ಯವಾಗಿ ಹೊರಬೀಳುವುದು. ಮಿಕ್ಕ ಇಬ್ಬರೂ ಅದನ್ನು ಹಿಡಿದರೋ ಬಿಟ್ಟರೋ ಎಂಬುದೇ ಆ ಕಂತಿನ ಕಥೆ.

ನಡುವಯಸ್ಸಿನ ಈ ಕಳವಳಕ್ಕೆ ‘ಮಿಡ್‌ಲೈಫ್ ಕ್ರೈಸಿಸ್’ ಎಂಬ ಹೆಸರು ೧೯೬೫ ರಲ್ಲಿ ಎಲಿಯಟ್ ಜಾಕ್ಸ್ ಎಂಬ ಮನಶ್ಶಾಸ್ತ್ರಜ್ಞನು ಬರೆದ ಲೇಖನದಿಂದ ಪ್ರಚಾರಕ್ಕೆ ಬಂದಿತು. ಇದುವರೆಗೆ ಮುಂದೆ ಮುಂದೆ ಎಂದು ಬೆಳೆಯುತ್ತಿದ್ದವನಿಗೆ ಒಂದು ದಿನ ತನ್ನ ಸಾವು ತನ್ನದೇ ಎಂದು ಮನದಟ್ಟಾಗುವುದು. ಆ ಬಿಕ್ಕಟ್ಟನ್ನೇ ಆತನು ವಿವರಿಸಿದುದು. ನಮ್ಮವರು ವಾನಪ್ರಸ್ಥವೆಂಬ ಆಶ್ರಮವನ್ನೇ ಕಲ್ಪಿಸಿದ್ದರಾದರೂ ಅದಕ್ಕೆ ಅಡವಿ ಬೇಕು. ಸಾಲದ ಕಂತು, ಮಗಳ ಮದುವೆ, ಮಗನ ಶುಲ್ಕ ಇವುಗಳನ್ನು ಕಟ್ಟಿಕೊಂಡು ಅಡವಿಗೆ ಹೋಗುವುದು ಹೇಗೆ? ಅಮೆರಿಕದಲ್ಲಿ ೨೦೨೧ ರಲ್ಲಿ ನಡೆದ ಒಂದು ಸಮೀಕ್ಷೆಯಲ್ಲಿ, ತನಗೆ ಆಪ್ತಸ್ನೇಹಿತನೆಂಬವನು ಒಬ್ಬನೂ ಇಲ್ಲವೆಂದು ಹೇಳಿದ ಗಂಡಸರು ನೂರಕ್ಕೆ ೧೫ ಮಂದಿ. ೧೯೯೦ ರಲ್ಲಿ ಇಂಥವರು ನೂರಕ್ಕೆ ಮೂವರು ಮಾತ್ರ ಇದ್ದರು. ಹಾರ್ವರ್ಡ್ ವಿದ್ಯಾಪೀಠದವರು ೧೯೩೮ ರಲ್ಲಿ ಆರಂಭಿಸಿ, ತರುಣರ ಗುಂಪೊಂದನ್ನು ಮುಪ್ಪಿನ ವರೆಗೂ ಹಿಂಬಾಲಿಸಿ ನಡೆಯಿಸಿದ ದೀರ್ಘ ಪರೀಕ್ಷೆಯಲ್ಲಿಯೂ, ಹಣಕ್ಕಿಂತಲೂ ಕೀರ್ತಿಗಿಂತಲೂ ನೆಚ್ಚಿಗೆಯ ಸಂಬಂಧಗಳೇ ಮುಪ್ಪಿನಲ್ಲಿ ಆರೋಗ್ಯವನ್ನು ಕಾಯುವುವೆಂದು ಕಂಡುಬಂದಿದೆ. ಅವರ ಲೆಕ್ಕ ಅವರಿಗಿರಲಿ. ನಮ್ಮ ದೇಶದಲ್ಲಿಯೂ ೨೦೨೨ ನೆಯ ಸರ್ಕಾರದ ಲೆಕ್ಕದಂತೆ ಆತ್ಮಹತ್ಯೆ ಮಾಡಿಕೊಂಡವರಲ್ಲಿ ನೂರಕ್ಕೆ ೭೦ ಕ್ಕೂ ಮಿಕ್ಕವರು ಗಂಡಸರು. ಅವರಲ್ಲಿ ಎಷ್ಟು ಜನರಿಗೆ ಸಾಯಂಕಾಲ ಜೊತೆಯಲ್ಲಿ ಕಾಫಿ ಕುಡಿಯುವವರು ಇದ್ದರೋ, ಆ ಲೆಕ್ಕವನ್ನು ಯಾರು ತೆಗೆಯುವರು?

ಕಾಫಿ ಕುಡಿಯುವವರಿದ್ದರೆ ಸಾಲದು ಎಂಬುದನ್ನು ನಾನು ಬಲ್ಲೆನು. ಅದಕ್ಕೆ ಬರುವ ಮೊದಲು ಕುಚೇಲನ ಮಾತೊಂದು. ಭಾಗವತದ ದಶಮಸ್ಕಂಧದ ಆ ಕಥೆಯನ್ನು ಎಲ್ಲರೂ ಕೇಳಿರುವರಷ್ಟೆ. ಸಾಂದೀಪನಿಯ ಗುರುಕುಲದಲ್ಲಿ ಜೊತೆಗಿದ್ದ ಗೆಳೆಯನ ಬಳಿಗೆ ಆ ಬಡ ಬ್ರಾಹ್ಮಣನು ತಾನಾಗಿ ಹೊರಟವನಲ್ಲ. ಹೆಂಡತಿ ಹೇಳಿ ಕಳುಹಿಸಿದಳು. ಅವಲಕ್ಕಿಯನ್ನು ಕಟ್ಟಿಕೊಂಡು ಹೋದನು. ಹಳೆಯ ಕಥೆಗಳನ್ನೆಲ್ಲಾ ಆಡಿದನು. ಬಂದ ಕೆಲಸವನ್ನು ಮಾತ್ರ ಬಾಯಿಬಿಡದೆ ಹಿಂದಿರುಗಿದನು. ಇದನ್ನು ನಾನು ತರಗತಿಯಲ್ಲಿ ನಿಷ್ಕಾಮಭಕ್ತಿಗೆ ದೃಷ್ಟಾಂತವಾಗಿ ಹೇಳುತ್ತಿದ್ದೆನು. ಈಗ ನೋಡಿದರೆ ಅದು ಲೋಕದ ಎಲ್ಲಾ ಗಂಡಸರ ಕಥೆಯೂ ಆಗಿರುವುದು. ಕುಚೇಲನು ಬದುಕಿದುದು ಹೇಗೆಂದರೆ, ಎದುರಿಗಿದ್ದವನು ಶ್ರೀಕೃಷ್ಣನಾಗಿದ್ದನು. ಕೇಳದೆಯೇ ಅವನಿಗೆ ತಿಳಿಯಿತು. ನಾವು ಕೃಷ್ಣರಲ್ಲ. ನಮ್ಮ ಎದುರಿಗೆ ಕುಳಿತ ಕುಚೇಲನು ಹೇಳದಿದ್ದರೆ ನಮಗೆ ತಿಳಿಯುವುದಿಲ್ಲ. ಹೇಳಿದರೂ ಒಮ್ಮೊಮ್ಮೆ ತಿಳಿಯುವುದಿಲ್ಲ.

ಮೃಚ್ಛಕಟಿಕದ ಮೈತ್ರೇಯನಾದರೋ ಕೃಷ್ಣನಲ್ಲದೆಯೂ ವಯಸ್ಯನಾದವನು. ಚಾರುದತ್ತನ ಐಶ್ವರ್ಯವು ಹೋದ ಮೇಲೆ ಉಂಡು ಹೋದವರೆಲ್ಲರೂ ದೂರವಾದರು. ಈ ಒಬ್ಬನು ಮಾತ್ರ ಗೊಣಗುತ್ತ, ಬಯ್ಯುತ್ತ, ಬುದ್ಧಿ ಹೇಳುತ್ತ ಆ ಪಾಳುಬಿದ್ದ ಮನೆಗೆ ಬರುವುದನ್ನು ಬಿಡಲಿಲ್ಲ. ಹುಡುಗರು ಅವನನ್ನು ಬರಿಯ ಹಾಸ್ಯಗಾರನೆಂದು ತಿಳಿಯುವರು. ನಾನೂ ಹಾಗೆಯೇ ಪಾಠ ಹೇಳಿದೆನೆಂದು ಈಗ ನಾಚಿಕೆಯಾಗುವುದು.

ಇನ್ನು ಆ ಧಾರಾವಾಹಿಯ ಎರಡನೆಯ ಸಾಲಿನಲ್ಲಿ ಬರುವ ಒಂದು ಕಂತಿನ ವಿಷಯ. ಮೂವರು ಗೆಳೆಯರೂ ಕಾರಿನಲ್ಲಿ ಪಾಮ್ ಸ್ಪ್ರಿಂಗ್ಸ್ ಎಂಬ ಮರುಭೂಮಿಯ ಊರಿಗೆ ಪ್ರವಾಸ ಹೋಗುವರು. ಏಕೆಂದರೆ, ಮೂವರೂ ಒಟ್ಟಿಗೆ ಕೊಲೊನೊಸ್ಕೊಪಿ ಪರೀಕ್ಷೆ ಮಾಡಿಸಿಕೊಳ್ಳುವುದಕ್ಕೆ! ದೀಪವೂ ಕ್ಯಾಮೆರಾವೂ ಇರುವ ಬಳುಕುವ ನಳಿಕೆಯನ್ನು ಗುದಮಾರ್ಗವಾಗಿ ಕಳುಹಿಸಿ ದೊಡ್ಡ ಕರುಳನ್ನು ಪೂರ್ತಿಯಾಗಿ ನೋಡುವ ಪರೀಕ್ಷೆ ಅದು. ಹಿಂದಿನ ದಿನ ಅನ್ನಾಹಾರಗಳನ್ನು ಬಿಟ್ಟು, ಬೇಧಿಯ ಔಷಧವನ್ನು ಲೀಟರುಗಟ್ಟಲೆ ಕುಡಿದು, ಕರುಳನ್ನು ತೊಳೆದ ಕೊಳಾಯಿಯಂತೆ ಮಾಡಿಕೊಳ್ಳಬೇಕು. ಇಂಥಾದ್ದನ್ನು ನಾಟಕದ ವಸ್ತುವಾಗಿ ಮಾಡುವುದೇ ಎಂದು ಭರತಮುನಿಯ ಪರವಾಗಿ ಮೂಗು ಮುರಿದೆನು. ಆದರೆ ಒಬ್ಬೊಬ್ಬನೂ ಒಂಟಿಯಾಗಿ ಮುಂದೂಡುತ್ತಲೇ ಹೋಗುವ ಕೆಲಸವನ್ನು ಮೂವರು ಕೂಡಿ ಒಂದು ವಿಹಾರವನ್ನಾಗಿ ಮಾಡಿಕೊಂಡಿರುವುದನ್ನು ನೋಡುತ್ತ ನೋಡುತ್ತ ನನ್ನ ನಗೆ ನಿಂತುಹೋಯಿತು. ಮನೆಯವಳು ಒಳಗಿನಿಂದ ಬಂದು, “ಏನೂಂದ್ರೆ, ಯಾಕೆ ಹೀಗೆ ಕೂತಿದೀರಿ?” ಎಂದಳು. ದೂರದರ್ಶನವನ್ನು ಆರಿಸಿ, ಹೊರಗೆ ಬಂದು ಆ ನಿರ್ಜನವಾದ ಬೀದಿಯಲ್ಲಿ ಬಹಳ ಹೊತ್ತು ನಡೆದಾಡಿದೆನು.

ನಾವೂ ಮೂವರು. ನಮ್ಮ ಊರಿನ ಮಾಧ್ಯಮಿಕ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತವರು. ಒಬ್ಬನು ತಂದೆಯ ಬಟ್ಟೆಯಂಗಡಿಗೆ ಹೋದನು, ಒಬ್ಬನು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾದನು, ನಾನು ಮೇಷ್ಟರಾದೆನು. ಪ್ರತಿದಿನವೂ ಸಾಯಂಕಾಲ ಏಳು ಗಂಟೆಗೆ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕೂಡುವುದು ನಮ್ಮ ಪದ್ಧತಿ. ಎರಡು ಕಾಫಿಯನ್ನು ಮೂರು ಲೋಟ ಮಾಡಿಸುವುದು. ಮಾಣಿಯು ನಮ್ಮನ್ನು ಕಂಡೊಡನೆಯೇ ಒಳಕ್ಕೆ “ಟೂ ಬೈ ತ್ರೀ” ಎಂದು ಕೂಗುವನು. ಇಪ್ಪತ್ತೈದು ವರ್ಷಗಳು ಹೀಗೆ ನಡೆಯಿತು. ರಾಜಕಾರಣ, ಮಳೆ, ಚಿನ್ನದ ಧಾರಣೆ, ಯಾರ ಮಗಳಿಗೆ ಎಲ್ಲಿ ಗಂಡು, ಇವುಗಳಲ್ಲಿ ನಾವು ಚರ್ಚಿಸದೆ ಬಿಟ್ಟುದು ಯಾವುದೂ ಇಲ್ಲ.

ಏಳು ವರ್ಷಗಳ ಹಿಂದೆ ಒಂದು ಸಾಯಂಕಾಲ ಗುಮಾಸ್ತನು ಇನ್ನೂ ಬಂದಿರಲಿಲ್ಲ. ಅಂಗಡಿಯವನು ಲೋಟವನ್ನು ಬಟ್ಟಲಲ್ಲಿ ತಿರುಗಿಸುತ್ತ, “ಏನೋ ಮೇಷ್ಟ್ರೇ, ಮೂಲವ್ಯಾಧಿಗೆ ನಿಮ್ಮ ಸಂಸ್ಕೃತದಲ್ಲಿ ಏನಾದರೂ ಮದ್ದು ಹೇಳಿದೆಯೇನೋ?” ಎಂದು ಕೇಳಿದನು. ನಾನು, “ಅರ್ಶಸ್ ಅಂತ ಅದಕ್ಕೆ ಹೆಸರು. ದಿನವೆಲ್ಲಾ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಬಡ್ಡಿ ಎಣಿಸುವವರಿಗೆ ಬರುವ ಸಿರಿವಂತ ರೋಗ. ಎದ್ದು ಓಡಾಡು” ಎಂದು ಹೇಳಿ ನಕ್ಕೆನು. ಅವನೂ ನಕ್ಕನು. ಅಷ್ಟರಲ್ಲಿ ಗುಮಾಸ್ತನು ಬಂದನು. ಮಾತು ಬೇರೆ ಕಡೆಗೆ ತಿರುಗಿತು. ಆಮೇಲೆ ಅವನು ಇಳಿಯುತ್ತ ಬಂದುದನ್ನು ಕಂಡೆವು. ಸಕ್ಕರೆ ಕಾಯಿಲೆ ಇರಬೇಕೆಂದು ನಾವೇ ತೀರ್ಮಾನಿಸಿ, ಅವನ ಕಾಫಿಗೆ ಸಕ್ಕರೆ ಬೇಡವೆಂದು ಮಾಣಿಗೆ ಹೇಳಿದೆವು. ಹತ್ತು ತಿಂಗಳಾದ ಮೇಲೆ ಅವನ ಹೆಂಡತಿ ಹಠಮಾಡಿ ಬೆಂಗಳೂರಿಗೆ ಕರೆದುಕೊಂಡು ಹೋದಳು. ದೊಡ್ಡ ಕರುಳಿನ ಕ್ಯಾನ್ಸರು, ಯಕೃತ್ತಿಗೂ ಹರಡಿತ್ತು. ಒಂದು ವರ್ಷಕ್ಕೂ ಮೇಲೆ ರಕ್ತ ಹೋಗುತ್ತಿದ್ದುದನ್ನು ಅವನು ಹೆಂಡತಿಗೂ ಹೇಳಿರಲಿಲ್ಲವಂತೆ. ಐವತ್ತನಾಲ್ಕನೆಯ ವಯಸ್ಸಿಗೆ ತೀರಿಕೊಂಡನು.

ಅವನು ಆ ದಿನ ಕೇಳಿದ ಪ್ರಶ್ನೆಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಮನೆಯವಳಿಗೂ ಇಲ್ಲ, ಗುಮಾಸ್ತನಿಗೂ ಇಲ್ಲ. ಮಾತಿನ ಮೇಲೆ ಜೀವನ ಮಾಡಿದ ಮೇಷ್ಟರು ಒಂದು ಅರ್ಧವಾಕ್ಯವನ್ನು ಹಿಡಿಯಲಾರದೆ ಹೋದೆನೆಂದು ಹೇಳಿಕೊಳ್ಳುವುದು ಹೇಗೆ?

ಅಮೆರಿಕದಲ್ಲಿ ಈ ಪರೀಕ್ಷೆಯನ್ನು ಐವತ್ತು ತುಂಬಿದವರೆಲ್ಲರೂ, ರೋಗವಿದ್ದರೂ ಇಲ್ಲದಿದ್ದರೂ, ಮಾಡಿಸಿಕೊಳ್ಳಬೇಕೆಂದು ವೈದ್ಯರು ಹೇಳುತ್ತಿದ್ದರು. ೨೦೨೧ ರಿಂದ ಅದನ್ನು ನಲವತ್ತೈದಕ್ಕೆ ಇಳಿಸಿರುವರು. ಆ ಕ್ಯಾನ್ಸರು ಬಹುಮಟ್ಟಿಗೆ ಕರುಳಿನ ಒಳಗೋಡೆಯಲ್ಲಿ ಹುಟ್ಟುವ ಸಣ್ಣ ಗಂಟುಗಳಿಂದ ಬೆಳೆಯತಕ್ಕುದು. ಗಂಟು ಕೆಟ್ಟ ರೋಗವಾಗುವುದಕ್ಕೆ ಅನೇಕ ವರ್ಷಗಳೇ ಬೇಕಾಗುವುದು. ಪರೀಕ್ಷೆಮಾಡುವಾಗಲೇ ಅದನ್ನು ಕತ್ತರಿಸಿ ತೆಗೆದುಬಿಡಬಹುದು. ನಮ್ಮ ದೇಶದಲ್ಲಿ ಈ ರೋಗವು ಅಲ್ಲಿಯಷ್ಟು ಹೆಚ್ಚಲ್ಲವಾದಕಾರಣ ಎಲ್ಲರಿಗೂ ಮಾಡಬೇಕೆಂಬ ನಿಯಮವಿಲ್ಲ. ಆದರೆ ರಕ್ತ ಹೋಗುವುದು, ಕಾರಣವಿಲ್ಲದೆ ಇಳಿಯುವುದು, ಮಲಪ್ರವೃತ್ತಿಯ ಕ್ರಮ ಬದಲಾಗುವುದು, ಇವುಗಳನ್ನು ಮೂಲವ್ಯಾಧಿಯೆಂದು ತಾನೇ ನಿರ್ಧರಿಸಿಕೊಂಡು ಕುಳಿತಿರಬಾರದು. ಮನೆತನದಲ್ಲಿ ಯಾರಿಗಾದರೂ ಇದ್ದಿದ್ದರೆ ಇನ್ನೂ ಬೇಗನೆ ವೈದ್ಯರನ್ನು ಕಾಣಬೇಕು. ಇಷ್ಟನ್ನು ಮಗನ ಪರಿಚಯದ ಕನ್ನಡದ ವೈದ್ಯರೊಬ್ಬರು ಒಂದು ಭಾನುವಾರ ನನಗೆ ತಿಳಿಯುವಂತೆ ಹೇಳಿದರು.

ಊರಿಗೆ ಹಿಂದಿರುಗಿದ ವಾರದಲ್ಲಿಯೇ ಗುಮಾಸ್ತನೊಡನೆ ಈ ಪ್ರಸ್ತಾಪವನ್ನು ತೆಗೆದೆನು. “ನಿನಗೇನು ಹುಚ್ಚೇನೋ? ಅಮೆರಿಕಕ್ಕೆ ಹೋಗಿ ಇದನ್ನು ಕಲಿತು ಬಂದೆಯಾ?” ಎಂದು ಬೈದನು. ನಾನು ಆ ಮೂವರ ಪಾಮ್ ಸ್ಪ್ರಿಂಗ್ಸ್ ಯಾತ್ರೆಯನ್ನು ಹರಿಕಥೆಯಂತೆ ವರ್ಣಿಸಿದೆನು. ಅವನ ಅಣ್ಣನು ಇಂಥದೇ ಹೊಟ್ಟೆಯ ರೋಗದಿಂದ ಸತ್ತವನೆಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಇಬ್ಬರೂ ಅದನ್ನು ಬಾಯಿಬಿಡಲಿಲ್ಲ. ಎರಡು ದಿನ ಬಿಟ್ಟು ತಾನಾಗಿ ಬಂದು, “ಯಾವತ್ತು ಹೊರಡೋದು?” ಎಂದನು.

ಬೆಂಗಳೂರಿನಲ್ಲಿ ಆಸ್ಪತ್ರೆಯ ಹತ್ತಿರವೇ ಒಂದು ವಸತಿಗೃಹದಲ್ಲಿ ಕೊಠಡಿ ಹಿಡಿದೆವು. ಎರಡು ಮಂಚ, ಒಂದೇ ಶೌಚಗೃಹ! ಔಷಧವನ್ನು ಕುಡಿದ ಮೇಲೆ ನಡೆದ ಸಂಗತಿಗಳನ್ನು ಗೃಹಸ್ಥರ ಪತ್ರಿಕೆಯಲ್ಲಿ ವಿಸ್ತರಿಸುವುದು ಉಚಿತವಲ್ಲ. ಬಾಗಿಲು ಬಡಿಯುವುದು, ಬೇಡಿಕೊಳ್ಳುವುದು, ಒಬ್ಬನು ಮತ್ತೊಬ್ಬನ ವಂಶವನ್ನೆಲ್ಲಾ ಶಪಿಸುವುದು ಇವುಗಳಲ್ಲಿ ರಾತ್ರಿ ಎರಡು ಗಂಟೆಯಾಯಿತು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡರೆ ಅದೂ ಅಪಾಯವೇ. ಐವತ್ತು ವರ್ಷಗಳ ಹಿಂದೆ ಶಾಲೆಯ ಪ್ರವಾಸಕ್ಕೆ ಹೋಗಿ ಛತ್ರದಲ್ಲಿ ಮಲಗಿದ್ದ ದಿನದಿಂದೀಚೆಗೆ ನಾವಿಬ್ಬರೂ ಒಂದು ಕೊಠಡಿಯಲ್ಲಿ ಮಲಗಿದವರಲ್ಲ.

ದೀಪ ಆರಿಸಿದ ಮೇಲೆ, ಕತ್ತಲಿನಲ್ಲಿ ಮುಖ ಕಾಣದಿದ್ದುದರಿಂದಲೋ ಏನೋ, ನಾನು ಅಂಗಡಿಯವನು ಕೇಳಿದ ಪ್ರಶ್ನೆಯನ್ನೂ ನಾನು ಕೊಟ್ಟ ಉತ್ತರವನ್ನೂ ಹೇಳಿಬಿಟ್ಟೆನು. ಗುಮಾಸ್ತನು ಬಹಳ ಹೊತ್ತು ಮಾತನಾಡಲಿಲ್ಲ. ನಿದ್ದೆ ಹೋದನೆಂದು ತಿಳಿದೆನು.

“ನನ್ನನ್ನೂ ಕೇಳಿದ್ದ ಕಣೋ,” ಎಂದನು ಆಮೇಲೆ. “ಕಚೇರಿಗೆ ಬಂದಿದ್ದ. ಪಹಣಿಯ ನೆಪ. ಹೊರಗೆ ಕರೆದುಕೊಂಡು ಹೋಗಿ ಕೇಳಿದ. ಬಾಳೆದಿಂಡಿನ ಪಲ್ಯ ತಿನ್ನು ಅಂದೆ. ಸಾಹೇಬರು ಕರೀತಿದ್ದರು, ಒಳಗೆ ಹೋದೆ.”

ಹೀಗೆ ನಾವಿಬ್ಬರೂ ಆರು ವರ್ಷಗಳ ಕಾಲ ಒಂದೇ ಮೇಜಿನ ಮುಂದೆ, ಒಂದೇ ಭಾರವನ್ನು ಒಬ್ಬರಿಗೊಬ್ಬರು ತಿಳಿಯದಂತೆ ಹೊತ್ತು ಕುಳಿತಿದ್ದೆವು. ಅವನು ಅತ್ತನೋ ಇಲ್ಲವೋ ನಾನು ಕಾಣೆ. ನನ್ನ ವಿಷಯವನ್ನೂ ಹೇಳಬೇಕಾಗಿಲ್ಲ. ಅಷ್ಟರಲ್ಲಿ ಔಷಧವು ಮತ್ತೆ ತನ್ನ ಪ್ರಭಾವವನ್ನು ತೋರಿಸಿತು. ಇಬ್ಬರೂ ಏಕಕಾಲದಲ್ಲಿ ಎದ್ದೆವು. ಅವನಿಗೆ ದಾರಿ ಬಿಟ್ಟೆನು.

ಮರುದಿನದ ಕೆಲಸವು ಅರ್ಧ ಗಂಟೆಯಲ್ಲಿ ಮುಗಿಯಿತು. ಮಂಪರು ಬರುವ ಔಷಧ ಕೊಡುವುದರಿಂದ ಏನೂ ತಿಳಿಯುವುದಿಲ್ಲ. ಗುಮಾಸ್ತನ ಕರುಳು ನಿರ್ಮಲವಾಗಿದ್ದಿತು. ನನ್ನದರಲ್ಲಿ ಕಡಲೆಕಾಳಿಗಿಂತಲೂ ಚಿಕ್ಕದಾದ ಒಂದು ಗಂಟು ಇದ್ದಿತಂತೆ, ಅಲ್ಲಿಯೇ ತೆಗೆದರು. ಪರೀಕ್ಷೆಗೆ ಕಳುಹಿಸಿ, ಭಯಪಡತಕ್ಕ ಅಂಶವಿಲ್ಲವೆಂದು ಹತ್ತು ದಿನಗಳಾದ ಮೇಲೆ ತಿಳಿಸಿದರು. ಐದು ವರ್ಷಗಳ ಮೇಲೆ ಮತ್ತೆ ಬನ್ನಿ ಎಂದರು.

ಆಸ್ಪತ್ರೆಯಿಂದ ಹೊರಕ್ಕೆ ಬಂದು ಎದುರಿನ ಹೋಟೆಲಿಗೆ ಹೋದೆವು. ಒಂದೂವರೆ ದಿನದ ಉಪವಾಸ. ಇಡ್ಲಿಯನ್ನು ತಿಂದಾದ ಮೇಲೆ ಗುಮಾಸ್ತನು ಮಾಣಿಯನ್ನು ಕರೆದು ವಾಡಿಕೆಯಂತೆ, “ಎರಡು ಕಾಫಿ, ಮೂರು ಮಾಡು” ಎಂದುಬಿಟ್ಟನು. ನಾನೂ ತಡೆಯಲಿಲ್ಲ. ಬಂದ ಮೂರನೆಯ ಲೋಟವನ್ನು ಅರ್ಧ ಅವನು, ಅರ್ಧ ನಾನು ಬಗ್ಗಿಸಿಕೊಂಡೆವು. ಆಮೇಲೆ ಅವನು ಜೇಬಿನಿಂದ ಕಿರುಪಂಚಾಂಗವನ್ನು ತೆಗೆದು, ಕಡೆಯ ಖಾಲಿ ಹಾಳೆಯಲ್ಲಿ ಐದು ವರ್ಷಗಳ ಮುಂದಿನ ತಾರೀಖನ್ನು ಬರೆದು, ಅದರ ಎದುರಿಗೆ ಇಬ್ಬರ ಹೆಸರನ್ನೂ ಕಚೇರಿಯ ದುಂಡಕ್ಷರದಲ್ಲಿ ಬರೆದನು. “ನಿನಗೇನೂ ಇರಲಿಲ್ಲವಲ್ಲೋ, ನಿನ್ನ ಹೆಸರೇಕೆ?” ಎಂದೆನು. “ಒಬ್ಬನೇ ಹೋಗ್ತೀಯೇನೋ ನೀನು?” ಎಂದು ಹೇಳಿ ಪಂಚಾಂಗವನ್ನು ಜೇಬಿಗಿಟ್ಟುಕೊಂಡು ಬಿಲ್ಲು ಕೊಡಲು ಎದ್ದನು.